ಕರ್ತೃಪದವಿಲ್ಲದ ಹುಳಿ

ಕರ್ತೃಪದವನ್ನು ನುಂಗಿಬಿಡುವುದರಲ್ಲಿ ನಾವು ಕನ್ನಡಿಗರು ನಿಸ್ಸೀಮರು. 'ಹುಳಿಯಾಗಿದೆ' ಎಂದರೆ ಸಾಕು. ಹುಳಿಯಾದದ್ದು ಮೊಸರೋ ಹಿಟ್ಟೋ ಎಂಬುದನ್ನು ಕೇಳುವವರೇ ಊಹಿಸಿಕೊಳ್ಳುತ್ತಾರೆ. ಈ ಮಿತವ್ಯಯವನ್ನು ಸ್ವೀಡಿಷ್ ಭಾಷೆಗೂ ಅನ್ವಯಿಸಲು ಹೋಗಿ ನಾನೊಮ್ಮೆ ಪೇಚಿಗೆ ಸಿಕ್ಕಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ. ಸ್ಮೋಲಂಡ್ ಪ್ರಾಂತ್ಯದ ಒಂದು ಕಾಗದದ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ಎದುರುಗಡೆ, ರಸ್ತೆಬದಿಯ ಊಟದಂಗಡಿಯನ್ನು ಬ್ರಿಟ್ಟಾ ಎಂಬ ಅರವತ್ತು ದಾಟಿದ ಹೆಂಗಸು ಒಬ್ಬರೇ ನಡೆಸುತ್ತಿದ್ದರು. ಅಲ್ಲಿನ ವಿಶೇಷವೆಂದರೆ ಇಸ್ತರ್‌ಬಂಡ್ ಎಂಬ, ಆ ಸೀಮೆಯದೇ ಆದ ಹುಳಿ ಸಾಸೇಜು. ಹಂದಿಮಾಂಸವನ್ನು ತರಿತರಿಯಾಗಿ ಅರೆದು, ಬೇಯಿಸಿದ ಬಾರ್ಲಿ ನುಚ್ಚು, ಆಲೂಗಡ್ಡೆ, ಉಪ್ಪು, ಕಾಳುಮೆಣಸು ಬೆರೆಸಿ, ಕರುಳಿನ ಚೀಲದಲ್ಲಿ ತುಂಬಿ, ಬೆಚ್ಚನೆಯ ಅಡುಗೆಮನೆಯಲ್ಲಿ ಎರಡು ಮೂರು ದಿನ ತೂಗುಹಾಕುತ್ತಾರೆ. ಹುಳಿ ಬಂದಮೇಲೆ ತುಸು ಹೊಗೆ ಕೊಟ್ಟು, ಬಾಣಲೆಯಲ್ಲಿ ಹುರಿದು, ಸಬ್ಬಸಿಗೆ ಸೊಪ್ಪಿನ ಬಿಳಿ ಸಾಸಿನಲ್ಲಿ ಕುದಿಸಿದ ಆಲೂಗಡ್ಡೆಯ ಜೊತೆ ಬಡಿಸುತ್ತಾರೆ. ಸಸ್ಯಾಹಾರಿಯಾದ ನನಗೆ ಆಲೂಗಡ್ಡೆಯಷ್ಟೇ ಗತಿ. ಆದರೆ ಮೂಗಿಗೆ ವ್ರತವಿಲ್ಲವಲ್ಲ, ಆ ಹುಳಿವಾಸನೆ ಥೇಟ್ ನಮ್ಮ ಮನೆಯ ದೋಸೆಹಿಟ್ಟಿನದೇ ಎಂದು ಅದು ಮೊದಲ ದಿನವೇ ಗುರುತು ಹಿಡಿದಿತ್ತು.

ಒಂದು ಬುಧವಾರ ಆ ವಾಸನೆ ಮಿತಿಮೀರಿತ್ತು. ಜನ ಅರ್ಧ ತಿಂದು ತಟ್ಟೆ ಸರಿಸಿ ಏಳುತ್ತಿದ್ದರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆ ದೇಶದ ಸೌಜನ್ಯ ಅಂಥದ್ದು. ತಟ್ಟೆ ತೆಗೆಯಲು ಬಂದ ಬ್ರಿಟ್ಟಾ ಅವರ ಮುಖ ನೋಡುತ್ತ ನಾನು, ಹೊಸ ಭಾಷೆಯ ಹುಮ್ಮಸ್ಸಿನಲ್ಲಿ, 'ತುಂಬಾ ಸೂರ್' ಎಂದೆ. ಸೂರ್ ಎಂದರೆ ಹುಳಿ. ಮುಖ ಗಂಟಿಕ್ಕಿಕೊಂಡಿರುವವರಿಗೂ ಅದೇ ಪದವೆಂಬುದು ನನಗೆ ತಿಳಿದಿರಲಿಲ್ಲ.

ಅವರು ಎದುರಿನ ಕುರ್ಚಿಯಲ್ಲಿ ಕುಸಿದು ಕುಳಿತರು. "ಹೌದು, ಹಾಗೇ ಆಗಿಬಿಟ್ಟಿದ್ದೇನೆ," ಎಂದರು. "ಹೋದ ತಿಂಗಳು ಜ್ವರ ಬಂದು ಹೋದಮೇಲೆ ಯಾವ ವಾಸನೆಯೂ ತಿಳಿಯುವುದಿಲ್ಲ. ಕಾಫಿ ಕೂಡ ಬರೀ ಬಿಸಿನೀರು."

ಹುಳಿಯ ಹದವನ್ನು ಅವರು ಮೂಗಿನಿಂದಲೇ ಅಳೆಯುತ್ತಿದ್ದರಂತೆ. ಈಗ ಬರೀ ಅಂದಾಜು. ಊರಿಗೆ ತಿಳಿದರೆ ಅಂಗಡಿ ಮುಚ್ಚಬೇಕು, ಮುಚ್ಚಿದರೆ ತಾನು ಯಾರೆಂಬುದೇ ತನಗೆ ತಿಳಿಯದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸಾಸೇಜಿನ ಮಾತೆತ್ತಿ ಅವರ ಬದುಕಿಗೇ ಹುಳಿ ಹಿಂಡಿದೆನಲ್ಲ ಎಂದು ನನಗೆ ಸಂಕಟವಾಯಿತು.

ಅಂದಿನಿಂದ ನಾನು ಅವರ ಎರವಲು ಮೂಗಾದೆ. ಫೀಕಾ ಎಂಬ ಕಾಫಿ ವಿರಾಮದಲ್ಲಿ ಹಿಂಬಾಗಿಲಿನಿಂದ ಹೋಗಿ, ತೂಗುವ ಸಾಸೇಜುಗಳ ಕೆಳಗೆ ನಿಂತು, 'ಆಯಿತು' ಎಂದೋ 'ನಾಳೆ' ಎಂದೋ ಘೋಷಿಸುತ್ತಿದ್ದೆ. ಮಾಂಸ ಮುಟ್ಟದ ವಂಶದಲ್ಲಿ ಹುಟ್ಟಿ ಸಾಸೇಜಿಗೆ ಮುಹೂರ್ತವಿಡುವ ಜೋಯಿಸನಾದೆ. ತಟ್ಟೆಗಳು ಮತ್ತೆ ಖಾಲಿಯಾಗತೊಡಗಿದರೂ ಬ್ರಿಟ್ಟಾ ನಗಲಿಲ್ಲ. ತಮ್ಮ ಕೈಯಡುಗೆಯ ಬಗ್ಗೆ ಇನ್ನೊಬ್ಬರನ್ನು ಕೇಳಬೇಕಾಗಿ ಬಂದದ್ದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ನನಗೋ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಆ ಪದವಿ ಹಿತವಾಗಿತ್ತು.

ವಿಷಯ ತಿಳಿದ ನನ್ನ ಹೆಂಡತಿ ಸುಮಾ ಕೇಳಿದ್ದು ಒಂದೇ ಪ್ರಶ್ನೆ: "ಮೂಗು ಕಟ್ಟಿದ್ರೆ ನಾಲಿಗೆನೂ ಹೋಗತ್ತೇನ್ರೀ? ನೆಗಡಿ ಆದಾಗ ನಿಮಗೆ ಹುಣಸೆಹಣ್ಣು ಸಪ್ಪೆ ಆಗಿತ್ತಾ?"

ಅಷ್ಟು ದಿನ ವಾಸನೆ ಹಿಡಿದ ಮೂಗಿಗೆ ಈ ಸಣ್ಣ ಸತ್ಯ ಬಡಿದಿರಲಿಲ್ಲ. ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲಿಟ್ಟು ಮೂರು ದಿನ ಹುಳಿ ಬರಿಸಿದ ಹಿಟ್ಟಿನಿಂದ ಸುಮಾ ದೋಸೆ ಹುಯ್ದುಕೊಟ್ಟಳು. ಅದನ್ನು ನಾನು ಬ್ರಿಟ್ಟಾ ಅವರ ಅಡುಗೆಮನೆಗೆ ಒಯ್ದೆ. ಜ್ವರದ ನಂತರ ಬ್ರಿಟ್ಟಾ ಯಾವುದನ್ನೂ ಗಮನವಿಟ್ಟು ರುಚಿ ನೋಡಿರಲಿಲ್ಲ. ಎಲ್ಲವೂ ಹೋಯಿತೆಂದು ಕೈಬಿಟ್ಟಿದ್ದರು. ಈಗ ದಾಕ್ಷಿಣ್ಯಕ್ಕೆ ಒಂದು ತುಂಡು ಬಾಯಿಗಿಟ್ಟರು. ಕಣ್ಣು ಕಿರಿದಾಯಿತು, ಮುಖ ಕಿವುಚಿಕೊಂಡಿತು.

"ಹುಳಿ," ಎಂದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಜ್ವರವು ಕಾಫಿ, ಸಬ್ಬಸಿಗೆ, ಹೊಗೆ ಎಲ್ಲದರ ಪರಿಮಳವನ್ನೂ ಒಯ್ದಿತ್ತು, ಹುಳಿಯೊಂದನ್ನು ಬಿಟ್ಟು ಹೋಗಿತ್ತು.

ಕಣ್ಣೊರೆಸಿಕೊಂಡವರೇ ತೂಗುತ್ತಿದ್ದ ಸಾಸೇಜಿನಿಂದ ತುಸು ಕೊಯ್ದು, ಚೆನ್ನಾಗಿ ಹುರಿದು, ಕಣ್ಮುಚ್ಚಿ ಅಗಿದರು. ಅಭ್ಯಾಸಬಲದಿಂದ ನಾನೂ ಮೂಗೆಳೆದು, 'ಆಯಿತು' ಎನ್ನಲು ಬಾಯಿ ತೆರೆದೆ.

"ಇಲ್ಲ," ಎಂದರು ಬ್ರಿಟ್ಟಾ, ನನ್ನತ್ತ ನೋಡದೆ. "ಇನ್ನೊಂದು ದಿನ ಬೇಕು."

ನಾನು ಕೋಟು ತೊಟ್ಟೆ. ಕೆಲಸ ಕಳೆದುಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.