ಸೂತಕದ ರಜೆ

ನನ್ನ ಚಿಕ್ಕಮ್ಮ ಇದನ್ನು ಹೇಳುವುದು ಹೀಗೆ: ಮೂವತ್ತು ವರ್ಷ ಒಂದು ದಿನವೂ ರಜೆಯಿಲ್ಲದೆ ದೇವರ ಕೆಲಸ ಮಾಡಿದ ಭಾವ, ಕೊನೆಗೊಂದು ಮೇ ತಿಂಗಳಲ್ಲಿ ಅಕ್ಕನನ್ನು ವಾಟರ್ ಪಾರ್ಕಿಗೆ ಕರೆದುಕೊಂಡು ಹೋದರು. ಇಡೀ ದಿನ ಇಬ್ಬರೂ ಸಣ್ಣ ಮಕ್ಕಳ ಹಾಗೆ ನೀರಿನಲ್ಲಿ ಆಡಿದರು. ಹೇಳಿ ಮುಗಿಸಿ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. ಕೇಳಿದವರು ಕಣ್ಣೊರೆಸಿಕೊಂಡು, ‘ಅಷ್ಟಾದ್ರೂ ಆಯ್ತಲ್ಲ’ ಅನ್ನುತ್ತಾರೆ.

ನನಗೆ ಈ ಕಥೆ ಒಪ್ಪಿಗೆಯಿಲ್ಲ. ಐದು ವರ್ಷದಿಂದ ಕಾನೂನು ಕಾಲೇಜಿನ ಚರ್ಚಾ ತಂಡದಲ್ಲಿರುವವಳು ನಾನು. ಎದುರು ಪಕ್ಷದವರು ತಂದ ಸಾಕ್ಷ್ಯವನ್ನೇ ಮೊದಲು ನೋಡು ಎಂದು ನಮಗೆ ಕಲಿಸಿದ್ದಾರೆ. ಹಾಗಾಗಿ ಫೋಟೋವನ್ನೇ ನೋಡೋಣ. ಇಬ್ಬರು ಕೂರುವ ಹಳದಿ ಟ್ಯೂಬು. ಮುಂದೆ ಅಮ್ಮ, ಹಿಂದೆ ಅಪ್ಪ. ಅಪ್ಪನ ಗಲ್ಲದ ಮೇಲೆ ಆರು ದಿನದ ಬಿಳಿ ಗಡ್ಡ. ನುಣ್ಣಗೆ ಗಡ್ಡ ಬೋಳಿಸದೆ ದೇವಸ್ಥಾನದ ಮೆಟ್ಟಿಲು ಹತ್ತದ ಅರ್ಚಕರು ಆರು ದಿನ ಬ್ಲೇಡು ಮುಟ್ಟಿಲ್ಲವೆಂದರೆ ಅರ್ಥ ಒಂದೇ. ಸೂತಕ. ಬಜಪೆಯಲ್ಲಿದ್ದ ದಾಯಾದಿ ದೊಡ್ಡಪ್ಪ ತೀರಿಕೊಂಡಿದ್ದರು. ಹತ್ತು ದಿನ ಅಪ್ಪ ಗರ್ಭಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರು ಎನ್ನುವುದಕ್ಕಿಂತ, ಒಂದು ಸಾವು ಅಪ್ಪನನ್ನು ಹೊರಗೆ ನಿಲ್ಲಿಸಿತು ಎನ್ನುವುದು ಸತ್ಯಕ್ಕೆ ಹತ್ತಿರ.

‘ನಿನ್ನದೊಂದು ಕೋರ್ಟು ಯಾವಾಗ್ಲೂ’ ಅನ್ನುತ್ತಾರೆ ಚಿಕ್ಕಮ್ಮ.

ನಮ್ಮ ಮನೆ ಶಕ್ತಿನಗರದಲ್ಲಿ. ಅಪ್ಪ ಪೂಜೆ ಮಾಡುವ ದೇವಸ್ಥಾನಕ್ಕೆ ಹತ್ತು ನಿಮಿಷದ ನಡಿಗೆ. ಬೆಳಿಗ್ಗೆ ನಾಲ್ಕೂವರೆಗೆ ಹೊರಟರೆ ಮಧ್ಯಾಹ್ನದ ಮಹಾಪೂಜೆ ಮುಗಿಸಿ ಎರಡು ಗಂಟೆಗೆ ಊಟಕ್ಕೆ ಬರುವರು, ಮತ್ತೆ ಸಂಜೆ ಹೋಗುವರು. ಅಮ್ಮ ಶಾಲೆಯ ಟೀಚರ್. ಅವಳಿಗೆ ಏಪ್ರಿಲ್, ಮೇ ಪೂರ್ತಿ ರಜೆ, ಅಪ್ಪನಿಗೆ ಯಾವತ್ತೂ ಇಲ್ಲ. ಹುಬ್ಬಳ್ಳಿಯಿಂದ ಚಿಕ್ಕಮ್ಮನ ಮನೆಯವರು ಪ್ರತಿ ಮೇ ತಿಂಗಳು ಬರುತ್ತಿದ್ದರು. ಎಲ್ಲರೂ ಬೀಚಿಗೆ, ಮಾಲಿಗೆ, ಅಲ್ಲಿ ಇಲ್ಲಿ ತಿರುಗುತ್ತಿದ್ದೆವು. ಕಾರಿನಲ್ಲಿ ಚಿಕ್ಕಮ್ಮನ ಪಕ್ಕ ಚಿಕ್ಕಪ್ಪ ಇರುತ್ತಿದ್ದರು, ಅಮ್ಮನ ಪಕ್ಕ ತಿಂಡಿಯ ಚೀಲ ಇರುತ್ತಿತ್ತು. ಅಮ್ಮನಿಗೆ ಬೇಕಾಗಿದ್ದದ್ದು ದೊಡ್ಡ ಯಾತ್ರೆಯೇನಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಒಂದು ದಿನ, ಅಪ್ಪನ ಜೊತೆ.

‘ಈ ಸಲ ಒಂದು ದಿನ ಬರ್ತೀರಾ?’ ಎಂದು ಪರೀಕ್ಷೆ ಪೇಪರ್ ತಿದ್ದುತ್ತಾ ಕೇಳುತ್ತಿದ್ದಳು.

‘ಪೂಜೆ ಯಾರು ಮಾಡುದು?’ ಎಂದು ಅಪ್ಪ ಕೇಳುತ್ತಿದ್ದರು. ಅಲ್ಲಿಗೆ ಆ ವರ್ಷದ ಮಾತು ಮುಗಿಯುತ್ತಿತ್ತು.

ಎರಡು ವರ್ಷದ ಹಿಂದಿನ ಆ ಮೇ ತಿಂಗಳಲ್ಲಿ ವಾಟರ್ ಪಾರ್ಕಿಗೆ ಹೋಗುವುದೆಂದು ಚಿಕ್ಕಪ್ಪ ಮೊದಲೇ ನಿಶ್ಚಯಿಸಿದ್ದರು. ಸೂತಕದ ಐದನೆಯ ದಿನ ಅಪ್ಪ ಜಗಲಿಯಲ್ಲಿ ಕೈಕಟ್ಟಿ ಕೂತಿದ್ದರು. ದೇವರ ಕೋಣೆಯ ಬಾಗಿಲು ಹಾಕಿತ್ತು. ಪೇಪರಿನಲ್ಲಿ ಜಾಹೀರಾತನ್ನೂ ಬಿಡದೆ ಓದಿ ಆಗಿತ್ತು. ನಾನು ಎದುರಿಗೆ ಹೋಗಿ ಕೂತೆ.

‘ನಾಳೆ ನೀವೂ ಬನ್ನಿ ಅಪ್ಪ.’

‘ಸೂತಕದಲ್ಲಿ ಆಟ ಆಡ್ಲಿಕ್ಕೆ ಹೋಗುದಾ?’

‘ಸೂತಕದಲ್ಲಿ ದೇವಸ್ಥಾನಕ್ಕೆ ಹೋಗ್ಬಾರ್ದು ಅಂತ ಉಂಟು. ವಾಟರ್ ಪಾರ್ಕಿಗೆ ಹೋಗ್ಬಾರ್ದು ಅಂತ ಯಾವ ಗ್ರಂಥದಲ್ಲಿ ಉಂಟು?’

‘ಗ್ರಂಥ ಬರೆದವರು ನಿನ್ನಂಥವಳು ಹುಟ್ತಾಳೆ ಅಂತ ಎಣಿಸಿರ್ಲಿಲ್ಲ.’

‘ಸೂತಕಕ್ಕೆ ಎಂತ ಬೇಕು? ಸ್ನಾನ. ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸ್ನಾನವೇ.’

ಒಳಗಿನಿಂದ ಚಿಕ್ಕಪ್ಪ ನಕ್ಕದ್ದು ಕೇಳಿಸಿತು. ಅಪ್ಪ ನಗಲಿಲ್ಲ. ‘ನೋಡಿದವರು ಎಂತ ಹೇಳಿಯಾರು?’

‘ಬಜಪೆ ದೊಡ್ಡಪ್ಪನನ್ನು ನೀವು ಕೊನೆಗೆ ನೋಡಿದ್ದು ಯಾವಾಗ?’

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ‘ನಿನ್ನ ನಾಮಕರಣಕ್ಕೆ ಬಂದಿದ್ರು.’

‘ಮತ್ತೆ? ಐದು ದಿನದ ದುಃಖ ಸಾಲ್ದಾ?’

‘ಒತ್ತಾಯ ಮಾಡ್ಬೇಡ ಮಾರಾಯ್ತಿ’ ಎಂದಳು ಅಮ್ಮ, ಅಡುಗೆಮನೆಯ ಬಾಗಿಲಿನಿಂದ. ಆದರೆ ಮರುದಿನದ ಬುತ್ತಿಗೆಂದು ಅವಳು ಅಳೆದಿಟ್ಟ ಅಕ್ಕಿಯಲ್ಲಿ ಅಪ್ಪನ ಪಾಲೂ ಸೇರಿತ್ತು. ಅದನ್ನು ನಾನು ನೋಡಿದ್ದೆ. ಅಪ್ಪನೂ ನೋಡಿರಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರೇ ಕಾರಿನ ಹತ್ತಿರ ನಿಂತಿದ್ದರು.

ಪಾರ್ಕಿನಲ್ಲಿ ಪಂಚೆ ಉಟ್ಟು ನೀರಿಗಿಳಿಯುವಂತಿಲ್ಲ, ನೈಲಾನೇ ಆಗಬೇಕು. ಬಾಡಿಗೆಗೆ ಬಟ್ಟೆ ಕೊಡುವ ಕೌಂಟರಿನಿಂದ ಅಪ್ಪ ನೇರಳೆ ಬಣ್ಣದ, ಎದೆಯ ಮೇಲೆ ಡಾಲ್ಫಿನ್ ಇರುವ ಟೀ ಶರ್ಟು, ಮೊಣಕಾಲಿನವರೆಗಿನ ಚಡ್ಡಿ ಹಾಕಿಕೊಂಡು ಬಂದರು. ಕುತ್ತಿಗೆಯ ಹತ್ತಿರ ಜನಿವಾರ ಇಣುಕುತ್ತಿತ್ತು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

‘ಅಯ್ಯೋ ದೇವರೇ! ಎಂತ ಇಷ್ಟು ಬೆಳ್ಳಗೆ ಉಂಟು ನಿಮ್ಮ ಕಾಲು!’

‘ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು. ಈಗ ನೋಡಿದ್ದಾ?’

‘ಬಿಸಿಲಲ್ಲಿ ನೀವು ನನಗೆ ಸಿಕ್ಕಿದ್ದು ಯಾವಾಗ?’

ಎಲ್ಲರೂ ನಕ್ಕೆವು. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಚಿಕ್ಕಮ್ಮ ಹೇಳುವ ಹಾಗೆ ಅವರಿಬ್ಬರೂ ಮಕ್ಕಳ ಹಾಗೆ ಆಡಲಿಲ್ಲ. ಜಾರುವ ಕೊಳವೆಗಳ ಹತ್ತಿರವೂ ಹೋಗಲಿಲ್ಲ. ಪುಟ್ಟ ಮಕ್ಕಳ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರು. ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ, ಹೆಚ್ಚೇನೂ ಆಡಿರಲಾರರು. ಅಮ್ಮ ಯಾವುದೋ ಮಗುವನ್ನು ತೋರಿಸುವಳು, ಅಪ್ಪ ತಲೆಯಾಡಿಸುವರು. ಅಮ್ಮ ಕಾಲಿನಿಂದ ನೀರು ಚಿಮ್ಮಿಸುವಳು, ಅಪ್ಪ ಮುಖ ಒರೆಸಿಕೊಳ್ಳುವರು. ಮಧ್ಯಾಹ್ನ ಹನ್ನೆರಡಾದಾಗ ಅಪ್ಪ ಎದ್ದು ನಿಂತರು. ಅವರ ಎಡಗೈ ತಾನಾಗಿ ಸಣ್ಣಗೆ ಅಲ್ಲಾಡುತ್ತಿತ್ತು, ಗಂಟೆ ಹಿಡಿದವರ ಕೈಯ ಹಾಗೆ.

‘ಈಗ ನೈವೇದ್ಯ ಇಟ್ಟಿರ್ತಾರಾ ಅವರು?’ ಎಂದರು. ಅವರು ಅಂದರೆ ಬದಲಿ ಭಟ್ಟರು. ಅಪ್ಪನಿಗೆ ಸೂತಕವೋ ಜ್ವರವೋ ಬಂದಾಗ ಮಾತ್ರ ಪೂಜೆಗೆ ಬರುವವರೆಂದು ನಾನು ತಿಳಿದುಕೊಂಡಿದ್ದ, ಅಪ್ಪನದೇ ಪ್ರಾಯದವರು.

‘ಇಟ್ಟಿರ್ತಾರೆ’ ಎಂದಳು ಅಮ್ಮ. ‘ಹಸಿವಾದ್ರೆ ದೇವರೇ ಕೇಳ್ತಾರೆ. ಬನ್ನಿ, ನಮಗೆ ಹಸಿವಾಗಿದೆ.’

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಒಳಗಿನದನ್ನು ಅಪ್ಪ ತಿನ್ನುವುದಿಲ್ಲ. ಮತ್ತೆ ಒಳಗೆ ಬಿಡಲೆಂದು ಕೈಗೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು, ಪಾರ್ಕಿಂಗಿನ ಬದಿಯ ಮರದಡಿ ಟವೆಲ್ ಹಾಸಿ ಅವರಿಬ್ಬರೇ ಮೊಸರನ್ನ ತಿಂದರು. ನಾವು ಒಳಗೆ ನೂಡಲ್ಸ್ ತಿಂದೆವು.

ಊಟವಾದ ಮೇಲೆ ಅಮ್ಮ ಹಳದಿ ಟ್ಯೂಬು ಹಿಡಿದಳು. ಪಾರ್ಕಿನ ಸುತ್ತ ನಿಧಾನವಾಗಿ ನೀರು ಹರಿಯುವ ಒಂದು ಕಾಲುವೆ. ಟ್ಯೂಬಿನಲ್ಲಿ ಕೂತರೆ ಸಾಕು, ಅದೇ ಕರೆದುಕೊಂಡು ಹೋಗಿ ಅದೇ ವಾಪಸು ತರುತ್ತದೆ. ಅವರು ಎಷ್ಟು ಸುತ್ತು ಹೋದರೋ. ಒಂದು ಸುತ್ತಿನಲ್ಲಿ ನನ್ನ ಟ್ಯೂಬು ಅವರ ಹಿಂದೆಯೇ ತೇಲುತ್ತಿತ್ತು. ಅಮ್ಮ ಕಣ್ಣುಮುಚ್ಚಿ ಹಿಂದಕ್ಕೆ ಒರಗಿದ್ದಳು.

‘ಇನ್ನು ಯಾವಾಗ?’ ಎಂದಳು.

‘ಇನ್ನು ಯಾರಾದ್ರೂ ಸಾಯ್ಬೇಕು ಮಾರಾಯ್ತಿ’ ಎಂದರು ಅಪ್ಪ.

ಅಮ್ಮ ಜೋರಾಗಿ ನಕ್ಕಳು. ‘ಅತ್ತಾವರದ ಅಜ್ಜ ಇದ್ದಾರಲ್ಲ. ತೊಂಬತ್ತು ದಾಟಿತು.’

‘ಅವರು ನಮ್ಮನ್ನೆಲ್ಲ ಕಳಿಸಿಕೊಟ್ಟೇ ಹೋಗುವವರು.’

‘ಮತ್ತೆ ಆ ಮೂಡಬಿದ್ರೆಯವರು? ಶುಗರ್ ಉಂಟಂತೆ.’

‘ಏಯ್, ಸುಮ್ನಿರು! ಯಾರಾದ್ರೂ ಕೇಳಿಸಿಕೊಂಡಾರು.’

ಕೇಳಿಸಿಕೊಂಡವಳು ನಾನೊಬ್ಬಳೇ. ಚಿಕ್ಕಮ್ಮನ ಕಥೆಯಲ್ಲಿ ಈ ಮಾತು ಇಲ್ಲ, ಇರುವುದು ಸಾಧ್ಯವೂ ಇಲ್ಲ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಸಂಜೆ ವಾಪಸು ಬರುವಾಗ ಅಪ್ಪ ಹಿಂದಿನ ಸೀಟಿನಲ್ಲಿ ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಮನೆ ಬರುವವರೆಗೆ ಅಮ್ಮ ಆ ಭುಜ ಅಲುಗಿಸಲಿಲ್ಲ.

ಹನ್ನೊಂದನೆಯ ದಿನ ಅಪ್ಪ ಸ್ನಾನ ಮಾಡಿ, ಗಡ್ಡ ತೆಗೆದು, ದೇವಸ್ಥಾನಕ್ಕೆ ಹೋದರು.

ಮರುವರ್ಷ ಯಾರೂ ಸಾಯಲಿಲ್ಲ. ಚಿಕ್ಕಮ್ಮ ಮತ್ತೆ ಪಾರ್ಕಿಗೆ ಕರೆದಾಗ, ‘ನಾನು ನೋಡಿ ಆಗಿದೆ, ನೀವು ಹೋಗಿ’ ಎಂದು ಅಮ್ಮ ಮನೆಯಲ್ಲೇ ಉಳಿದಳು.

ಮುಂದಿನ ಸೂತಕ ಅಮ್ಮನದೇ ಆಯಿತು. ಈ ಫೆಬ್ರವರಿಯಲ್ಲಿ ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ತಲೆನೋವೆಂದು ಮೇಜಿಗೆ ಒರಗಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಅತ್ತಾವರದ ಆಸ್ಪತ್ರೆಯ ಐಸಿಯುವಿನಲ್ಲಿ ಮೂರು ದಿನ. ಅಪ್ಪ ಬೆಳಿಗ್ಗೆಯ ಪೂಜೆ ಮುಗಿಸಿ ಬರುತ್ತಿದ್ದರು, ಮಹಾಪೂಜೆಗೆ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಹೋದಾಗ ನಾನು ದೇವಸ್ಥಾನದ ಆಫೀಸಿಗೆ ಫೋನ್ ಮಾಡಿದೆ. ‘ಪೂಜೆ ಅರ್ಧದಲ್ಲಿ ಉಂಟು’ ಎಂದರು ಅಲ್ಲಿಯವರು. ‘ಈಗ ಹೇಳಿದ್ರೆ ಅಲ್ಲಿಗೇ ನಿಲ್ಲಿಸ್ಬೇಕಾಗ್ತದೆ. ಮಂಗಳಾರತಿ ಆಗ್ಲಿ, ಹೇಳ್ತೇವೆ.’ ಸರಿ ಎಂದೆ. ಮಾತಿಗೆ ಮಾತು ಕೊಡುವ ನಾನು, ಆವತ್ತು ಸರಿ ಎಂದೆ. ಇಪ್ಪತ್ತು ನಿಮಿಷ, ಅಮ್ಮ ಸತ್ತದ್ದು ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ದೇವಸ್ಥಾನದ ಮೆನೇಜರರು ಬಂದಿದ್ದರು. ಒಳ್ಳೆಯವರು. ಊಟವಾದ ಮೇಲೆ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು, ಸಮಾಧಾನ ಹೇಳುವ ದನಿಯಲ್ಲಿ ಮಾತಾಡಿದರು.

‘ಭಟ್ರೇ, ಇನ್ನಾದ್ರೂ ಸ್ವಲ್ಪ ವಿಶ್ರಾಂತಿ ತೆಕ್ಕೊಳ್ಳಿ. ತಿಂಗಳಿಗೆ ಎರಡು ದಿನ ಮನೆಯಲ್ಲಿರಿ ಅಂತ ಹೇಳಿ ಹೇಳಿ ನಮಗೆ ಸಾಕಾಯ್ತು. ಆ ಬದಲಿ ಭಟ್ರನ್ನು ನಾವು ಇಟ್ಟದ್ದೇ ಅದಕ್ಕೆ ಅಲ್ವಾ?’

ಬಡಿಸಿದ ಪಾತ್ರೆ ಹಿಡಿದುಕೊಂಡು ಹೋಗುತ್ತಿದ್ದ ನಾನು ನಿಂತೆ. ‘ಯಾವಾಗ ಇಟ್ಟದ್ದು?’

‘ಎಂಟು ವರ್ಷ ಆಯ್ತಲ್ಲ ಮಗಾ. ನಿಮ್ಮ ಅಪ್ಪ ಒಂದು ದಿನವೂ ರಜೆ ತೆಕ್ಕೊಳ್ಳಲಿಲ್ಲ. ಸೂತಕ ಬಂದ್ರೆ ಮಾತ್ರ.’

ಅಪ್ಪ ಎದ್ದು, ಕೈತೊಳೆಯುವ ನೆಪದಲ್ಲಿ ಒಳಗೆ ಹೋದರು. ಅವರ ಕೈ ತೊಳೆದು ಆಗಿತ್ತು.

ಎಂಟು ವರ್ಷಕ್ಕೆ ತಿಂಗಳಿಗೆ ಎರಡು ದಿನ. ನಾನು ಗುಣಿಸಲು ಹೋಗಲಿಲ್ಲ. ಅಮ್ಮ ಕೇಳಿದ್ದು ಒಂದೇ ದಿನ.

ಅಂದಿನಿಂದ ನಾನು ತಲೆಯೊಳಗೆ ಎರಡೂ ಕಡೆಯ ವಾದ ಮಾಡುತ್ತಿದ್ದೇನೆ. ಅಪ್ಪನ ಪರವಾಗಿ ಹೇಳುವುದು ಬಹಳ ಇದೆ. ಬದಲಿ ಭಟ್ಟರ ಮಂತ್ರದ ಮೇಲೆ ಅವರಿಗೆ ಭರವಸೆ ಇರಲಿಲ್ಲ. ದೇವರೆದುರು ನಿಲ್ಲುವುದನ್ನು ಬಿಟ್ಟು ಬೇರೆ ಯಾವ ರೀತಿ ಒಂದು ದಿನ ಕಳೆಯಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಅನಿಸುವುದು ಇದು: ಸಾವು ಕೊಟ್ಟ ರಜೆಗೆ ಅವರು ಹೊಣೆಯಲ್ಲ. ಕೇಳಿ ಪಡೆದ ರಜೆಗೆ ಅವರೇ ಹೊಣೆ. ಹೆಂಡತಿಯ ಜೊತೆ ಒಂದು ದಿನ ಇರಬೇಕೆಂದು ಬಾಯಿಬಿಟ್ಟು ಹೇಳುವುದು ಅವರಿಂದ ಆಗುತ್ತಿರಲಿಲ್ಲ. ಯಾರೋ ಸತ್ತು, ಶಾಸ್ತ್ರವೇ ಹೊರಗೆ ಹೋಗು ಎಂದರೆ ಆಗುತ್ತಿತ್ತು.

ಎದುರು ವಾದವೂ ಇದೆ. ‘ಪೂಜೆ ಯಾರು ಮಾಡುದು’ ಎಂಬ ಪ್ರಶ್ನೆಗೆ ಉತ್ತರ ಇತ್ತು. ಉತ್ತರ ಅಪ್ಪನ ಹತ್ತಿರವೇ ಇತ್ತು.

ನನ್ನನ್ನೂ ಬಿಡುವ ಹಾಗಿಲ್ಲ. ಆ ಒಂದು ದಿನ ನಾನು ವಾದ ಗೆದ್ದೆನೆಂದು ಬೀಗಿದ್ದೆ. ಆದರೆ ನಾನು ವಾದಿಸಿದ್ದೂ ಸೂತಕವೆಂಬ ನೆಪ ಸಿಕ್ಕಿದ್ದರಿಂದಲೇ. ಯಾರೂ ಸಾಯದ, ಸುಮ್ಮನೆ ಬಂದ ಒಂದು ಮಂಗಳವಾರದ ಪರವಾಗಿ ನಾನು ಎಂದೂ ಬಾಯಿ ತೆರೆಯಲಿಲ್ಲ.

ಉಳಿದಿರುವ ಸಂಶಯ ಒಂದು. ಅಮ್ಮ ಪ್ರತಿ ವರ್ಷ ಕೇಳುತ್ತಿದ್ದವಳು, ಯಾವುದೋ ಒಂದು ವರ್ಷ ಕೇಳುವುದನ್ನು ನಿಲ್ಲಿಸಿದಳು. ನನ್ನ ಎಸ್ಸೆಸ್ಸೆಲ್ಸಿ ವರ್ಷ ಕೇಳಿದ್ದು ನೆನಪಿದೆ. ಪಿಯುಸಿಯಲ್ಲಿದ್ದಾಗ ಕೇಳಿದ್ದು ನೆನಪಿಲ್ಲ. ಅದೂ ಹತ್ತಿರ ಹತ್ತಿರ ಎಂಟು ವರ್ಷದ ಹಿಂದಿನ ಮಾತು. ಬೇಸತ್ತು ನಿಲ್ಲಿಸಿದಳೋ, ಗೊತ್ತಾಗಿ ನಿಲ್ಲಿಸಿದಳೋ? ಗೊತ್ತಿರಲಿಲ್ಲವೆಂದರೆ, ಅವಳಿಗೆ ಮೋಸವಾಯಿತು. ಗೊತ್ತಿತ್ತು ಎಂದಾದರೆ, ಎಲ್ಲ ಗೊತ್ತಿದ್ದೇ ಆ ಹಳದಿ ಟ್ಯೂಬಿನಲ್ಲಿ ಕಣ್ಣುಮುಚ್ಚಿ ಒರಗಿ, ಅತ್ತಾವರದ ಅಜ್ಜನ ಪ್ರಾಯ ಹೇಳಿ ಅಷ್ಟು ಜೋರಾಗಿ ನಕ್ಕಳು. ಇವೆರಡರಲ್ಲಿ ಯಾವುದು ಕಡಿಮೆ ನೋವಿನದೆಂದು ತೀರ್ಮಾನಿಸಲು ನನ್ನಿಂದ ಆಗಿಲ್ಲ.

ಈಗ ಮತ್ತೆ ಮೇ. ಚಿಕ್ಕಮ್ಮನ ಮನೆಯವರು ಬಂದಿದ್ದಾರೆ, ಇವತ್ತು ಬೀಚಿಗೆ ಹೋಗಿದ್ದಾರೆ. ನಾನು ಹೋಗಲಿಲ್ಲ. ಎರಡು ಗಂಟೆಗೆ ಅಪ್ಪ ಬಂದರು. ನಾನು ಬಡಿಸಿದ್ದನ್ನು ಉಂಡರು, ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಹೇಳಲಿಲ್ಲ. ಜಗಲಿಗೆ ಬಂದು ಕೂತು, ‘ನೀನು ಹೋಗ್ಲಿಲ್ವಾ?’ ಎಂದು ಕೇಳಿದರು.

‘ಇಲ್ಲ. ನಿಮ್ಮ ಹತ್ರ ಒಂದು ಕೇಳ್ಲಿಕ್ಕುಂಟು.’

‘ಎಂತ?’

ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಪೀಠಿಕೆ, ಸಾಕ್ಷ್ಯ, ಎಲ್ಲ ಇತ್ತು. ಅವರ ಮುಖ ನೋಡಿದ ಮೇಲೆ ಯಾವುದೂ ಬರಲಿಲ್ಲ. ಬಂದದ್ದು ಇಷ್ಟೇ:

‘ಅಪ್ಪಾ, ನಿಮಗೆ ರಜೆ ಇತ್ತು ಅಂತ ಅಮ್ಮನಿಗೆ ಗೊತ್ತಿತ್ತಾ?’