ಅಚ್ಚಿನ ಮೇಷ್ಟ್ರು

ಅಂತರ್ಜಾಲದ ವಿಶ್ವಕೋಶದಲ್ಲಿ ಬರೆಯಲು ಬರುವ ಹೊಸಬರನ್ನು ತಿದ್ದುವ ಕೆಲಸವನ್ನು ಅಚ್ಚಿನ ಮೇಷ್ಟ್ರು ತಾವಾಗಿಯೇ ಮೈಮೇಲೆ ಎಳೆದುಕೊಂಡಿದ್ದಾರೆ. ಸಂಬಳವಿಲ್ಲ, ಸಿಡುಕಿಗೆ ಬರವಿಲ್ಲ. ಬಂದವರೆಲ್ಲ ಮೊದಲು ಬರೆಯುವುದು ತಮ್ಮ ಸೋದರಮಾವನ ಬಗ್ಗೆ, ಆ ಮಾವಂದಿರೆಲ್ಲ ಬಹುಮುಖ ಪ್ರತಿಭೆಗಳು. ಅಚ್ಚಾದ ಆಧಾರವಿಲ್ಲದ್ದು ವಿಶ್ವಕೋಶದಲ್ಲಿ ನಿಲ್ಲುವಂತಿಲ್ಲ; “ಎಲ್ಲಿ ಅಚ್ಚಾಗಿದೆ, ತೋರಿಸಿ” ಎಂದು ಮೇಷ್ಟ್ರು ಕೇಳಿದರೆ, ಮಾವನ ಹೆಸರಿರುವ ಮದುವೆ ಕರೆಯೋಲೆಯ ಫೋಟೊ ಬರುತ್ತದೆ. ಹಣೆ ಚಚ್ಚಿಕೊಂಡು ಲೇಖನ ಅಳಿಸುತ್ತಾರೆ, ಏಕೆ ಅಳಿಸಿದೆನೆಂದು ಎರಡು ಪುಟ ಬರೆಯುತ್ತಾರೆ, ಮರುದಿನ ಅದೇ ಮಾವ ಇನ್ನಷ್ಟು ಬಿರುದು ಹೊತ್ತು ವಾಪಸು ಬಂದಿರುತ್ತಾನೆ. ಮನೆಯಲ್ಲೂ ಇದೇ ಗೋಳು. “ರೀ, ಹಾಲು ಒಡೆದಿದೆ” ಎಂದು ಹೆಂಡತಿ ಹೇಳಿದರೆ “ಯಾರು ಹೇಳಿದ್ದು?” ಎನ್ನುತ್ತಾರೆ. “ನನ್ನ ಮೂಗು.” “ಅದು ಸ್ವಂತ ಸಂಶೋಧನೆ, ವಿಶ್ವಕೋಶದಲ್ಲಿ ನಡೆಯಲ್ಲ.” “ಹಾಗಾದ್ರೆ ಕುಡಿದು ನೋಡಿ” ಎಂದು ಆಕೆ ಲೋಟ ಕುಕ್ಕಿ ಹೋಗುತ್ತಾರೆ. ಭಾನುವಾರ ಮಾತ್ರ ಮೇಷ್ಟ್ರು ಯಾರನ್ನೂ ಬೈಯುವುದಿಲ್ಲ. ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ತಮ್ಮ ಅಪ್ಪನ ಬಗ್ಗೆ ಮೇಷ್ಟ್ರೇ ಬರೆದ ಲೇಖನವೊಂದು ಹನ್ನೊಂದು ವರ್ಷದಿಂದ ಪ್ರಕಟವಾಗದೆ ಕೂತಿದೆ; ಅದಕ್ಕಾಗಿ ಗ್ರಂಥಾಲಯದಲ್ಲಿ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವುತ್ತಾರೆ. ಅಪ್ಪ ತಿದ್ದದ ಪುಟ ಅವುಗಳಲ್ಲಿಲ್ಲ, ಅಪ್ಪನ ಹೆಸರಿರುವ ಪುಟವೂ ಇಲ್ಲ. ಸಂಜೆ ಮನೆಗೆ ಬಂದು ಲೇಖನ ತೆರೆದು, ಅದರ ಕೆಳಗೆ ತಮಗೆ ತಾವೇ ಬರೆದುಕೊಳ್ಳುತ್ತಾರೆ: “ಎಲ್ಲಿ ಅಚ್ಚಾಗಿದೆ, ತೋರಿಸಿ.”