ಎರಿಭೂತದ ಕಣ್ಣು

ಕಲಘಟಗಿಯ ಗೂಳಪ್ಪ ತನ್ನ ಆಯುಷ್ಯದಲ್ಲಿ ಬಿಡಿಸಿದ ಗಿಳಿಗಳೆಲ್ಲ ಒಮ್ಮೆಲೇ ಹಾರಿದ್ದರೆ ಊರಿನಲ್ಲಿ ಜೋಳ ಉಳಿಯುತ್ತಿರಲಿಲ್ಲ. ತೊಟ್ಟಿಲಿಗೆ ಅರಗಿನ ಬಣ್ಣ ಹಚ್ಚಿ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಅದರಲ್ಲೊಂದು ಕಟ್ಟಳೆ: ಗಿಳಿಯಾಗಲಿ, ಬಾಲಕೃಷ್ಣನಾಗಲಿ, ಕಣ್ಣಿನ ಬೊಟ್ಟನ್ನು ಕಡೆಗೆ ಇಡಬೇಕು, ಅದೂ ತೊಟ್ಟಿಲು ಒಯ್ಯುವವರು ಬಂದು ಎದುರು ನಿಂತಾಗ. ಕಣ್ಣು ಬಿಟ್ಟ ಕೂಡಲೇ ಅದಕ್ಕೆ ತನ್ನವರು ಕಾಣಬೇಕಲ್ಲ ಎನ್ನುತ್ತಿದ್ದ.

೧೯೭೬ರಲ್ಲಿ ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ದಿನಕರ ಮಾಸ್ತರರು ಗೋಣಿಚೀಲದಲ್ಲಿ ಸತ್ತ ಹಕ್ಕಿಯೊಂದನ್ನು ತಂದು ಅವನ ಕಟ್ಟೆಯ ಮೇಲಿಟ್ಟರು. ನವಲಗುಂದದ ಕಡೆಯ ಎರಿ ಮಣ್ಣಿನ ಕಪ್ಪು ಹೊಲಗಳಲ್ಲಿ ನಡೆದಾಡುವ, ಸೊಂಟದೆತ್ತರದ ಎರಿಭೂತ. ಹುಲ್ಲಿನ ಬಯಲೆಲ್ಲ ಉಳುಮೆಯಾಗಿ, ಹೈಬ್ರಿಡ್ ಹತ್ತಿಗೆ ಔಷಧ ಹೊಡೆಯತೊಡಗಿದ ಮೇಲೆ ಅವು ಕಾಣುವುದೇ ಅಪರೂಪವಾಗಿತ್ತು. ಇದೂ ಹತ್ತಿ ಹೊಲದ ಬದುವಿನಲ್ಲೇ ಬಿದ್ದಿತ್ತು. ಮಾಸ್ತರರು ಆ ಕುರಿತು ಬರೆದ ನಲವತ್ತು ಪುಟವನ್ನು ಅವರ ಹೆಂಡತಿಯೂ ಓದಿರಲಿಲ್ಲ. ಅವರ ಕ್ಯಾಮೆರಾದಲ್ಲಿ ದೂರದ ಹಕ್ಕಿ ಎಂದರೆ ಎಳ್ಳುಕಾಳು. ಹಲಗೆಯ ಮೇಲೆ ಚಿತ್ರ ಬರೆಸಿ ಹಳ್ಳಿಗಳಲ್ಲಿ ತೋರಿಸಿದರೆ ಜನ ಮೊಟ್ಟೆಯನ್ನಾದರೂ ಉಳಿಸಿಯಾರು ಎಂಬ ಆಸೆ.

ಮೊದಲ ದಿನ ಗೂಳಪ್ಪ ರೂಢಿಯಂತೆ ಚಿತ್ರದ ಹಕ್ಕಿಯ ಕಾಲಿಗೆ ಗೆಜ್ಜೆ ಕಟ್ಟಿದ. ವಿಜ್ಞಾನ ಗೆಜ್ಜೆಯನ್ನು ಒಪ್ಪಲಿಲ್ಲ. ಮಾಸ್ತರರು ಸ್ಕೇಲು ಹಿಡಿದು ಕೂತು, ಇದ್ದದ್ದನ್ನು ಇದ್ದಂತೆ ಬರೆಸಿದರು, ಬಲಗಾಲಿನ ತುಂಡಾದ ಬೆರಳು ಸಹಿತ. ಕುತ್ತಿಗೆ ಸ್ಕೇಲಿನಷ್ಟು ನೆಟ್ಟಗಾದರೆ ಅದು ಹಕ್ಕಿಯಲ್ಲ, ಗೂಟ ಎಂದು ಗೂಳಪ್ಪನೂ ಅವರಿಗೆ ಕಲಿಸಿದ. ಎಲ್ಲ ಮುಗಿದರೂ ಕಣ್ಣು ಮಾತ್ರ ಬಿಳಿಯಾಗಿಯೇ ಉಳಿಯಿತು.

"ಪುಸ್ತಕದಾಗ ಹಳದಿ ಅಂತ ಅದ. ಇಟ್ಟಬಿಡು ಗೂಳಪ್ಪ."

"ಬಣ್ಣ ಯಾವುದರ ಇರಲ್ರಿ ಸರ. ಅದರ ಪೈಕಿ ಇನ್ನೊಂದ ತೋರಸ್ರಿ, ಅದರ ಮುಂದ ನಿಂತು ಇಡ್ತೇನಿ."

ಹಲಗೆ ಹೊತ್ತು ಇಬ್ಬರೂ ಎರಡು ವರ್ಷ ಅಲೆದರು. ಒಬ್ಬನ ಚಪ್ಪಲಿ, ಇನ್ನೊಬ್ಬರ ಬೂಟು ಒಂದೇ ಎರಿ ಕೆಸರಿನಲ್ಲಿ ಕಿತ್ತುಹೋದವು. ಜನ ಕೂಡಿದರು, ಚಹಾ ಕುಡಿಸಿದರು, ಚಿತ್ರ ಹೊಗಳಿದರು. ಹಕ್ಕಿ ಬರಲಿಲ್ಲ. ಗೂಳಪ್ಪನ ಕಿಸೆಯಲ್ಲಿ ಕುಂಚ ಸದಾ ಇರುತ್ತಿತ್ತು.

ಕಡೆಗೆ, ಆ ಹಕ್ಕಿ ಬಿದ್ದಿದ್ದ ಹೊಲದ ಬಾಜು ಕುರಿ ಕಾಯುತ್ತಿದ್ದ ಮುದುಕಿ ಸಾವಕ್ಕ ಹಲಗೆ ನೋಡಲು ಬಂದಳು. ಚಿತ್ರದ ತುಂಡು ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಇದು ನಮ್ಮ ಕುಂಟಪ್ಪ ಅಲ್ಲೇನೋ ತಮ್ಮಾ. ಉಳಿದಾವೆಲ್ಲಾ ಹೋದ ಮ್ಯಾಲೆ ಮೂರು ಮಳಿಗಾಲ ಇದೊಂದ ಬರ್ತಿತ್ತು. ಕೂಗಿ ಕೂಗಿ ಸುಮ್ಮನಾಗ್ತಿತ್ತು."

ಈಗ ಬೇರೆ ಯಾವುದೂ ಬರುವುದಿಲ್ಲವೇ ಎಂದು ಗೂಳಪ್ಪ ಕೇಳಿದ.

"ಇದರ ಹಿಂದ ಯಾರ ಅದಾರಪಾ ಬರಾಕ?"

ಮಾಸ್ತರರು ಬರೆದುಕೊಳ್ಳಲು ವಹಿ ತೆರೆದರು. ಬರೆಯದೆ ಮುಚ್ಚಿದರು.

ಹಿಂದಿರುಗುವ ಬಸ್ಸಿನಲ್ಲಿ ಅವರೇ ಮೆಲ್ಲಗೆ ಅಂದರು: "ಇನ್ನ ಇಟ್ಟಬಿಡು ಗೂಳಪ್ಪ. ಎದುರಿಗೆ ನಾನ ನಿಲ್ತೀನಿ."

ಗೂಳಪ್ಪ ಕಿಸೆಗೆ ಕೈಹಾಕಿ ಕುಂಚ ಮುಟ್ಟಿದ. ಹೊರಗೆ ತೆಗೆಯಲಿಲ್ಲ.

"ನಾವು ಅದರವರೇನ್ರಿ ಸರ?"

ಹುಬ್ಬಳ್ಳಿ ಬರುವ ತನಕ ಹಲಗೆ ಇಬ್ಬರ ತೊಡೆಯ ಮೇಲೂ ಇತ್ತು, ಬಿಳಿಯ ಕಣ್ಣು ಮೇಲೆ ಮಾಡಿಕೊಂಡು.